ಶ್ವೇತಕುಬ್ಜ ನಕ್ಷತ್ರಗಳ ಬಣ್ಣ ಮತ್ತು ಸ್ವರೂಪ

ಫೆಬ್ರವರಿ ಮಾಸದ ನಡುವಿನಲ್ಲಿ ರಾತ್ರಿ ಒಂಬತ್ತೂವರೆಯ ಸುಮಾರಿಗೆ ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ದಕ್ಷಿಣಾಭಿಮುಖವಾಗಿ ನಿಂತವರಿಗೆ ದಿಗಂತದಿಂದ ಸುಮಾರು 57 ಡಿಗ್ರಿ ಎತ್ತರದಲ್ಲಿ ಲುಬ್ಧಕವು ಕಾಣುತ್ತದೆ. ರಾತ್ರಿಯ ನಕ್ಷತ್ರಗಳಲ್ಲೆಲ್ಲ ಉಜ್ವಲವಾದ ಇದಕ್ಕೆ, ಇದರ ಬೆಳಕಿನ ಸುಮಾರು 10,000ದಲ್ಲಿ ಒಂದು ಪಾಲಿನಷ್ಟು ಮಾತ್ರ ಬೆಳಗುವ ಸಂಗಾತಿಯೊಂದುಂಟು. ಲುಬ್ಧಕದ ಚಲನೆಯಲ್ಲಿನ ತೂಗಾಟವನ್ನು ಗಮನಿಸಿ 1844ರಲ್ಲಿ ಬೆಸೆಲ್ ಅವರು ಈ ಸಂಗಾತಿಯ ಇರವನ್ನು ಊಹಿಸಿದರು. 1862ರಲ್ಲಿ ಆಲ್ವನ್ ಗ್ರಹಾಂ ಕ್ಲಾರ್ಕ್ ಅವರು ಅದನ್ನು ದೂರದರ್ಶಕದಲ್ಲಿ ಕಂಡರು. 1915ರಲ್ಲಿ ಆಡಮ್ಸ್ ಅವರು ಅದರ ರೋಹಿತವನ್ನು ಪಡೆದಾಗ ಸೋಜಿಗವೊಂದು ಎದುರಾಯಿತು. ಇಷ್ಟು ಮಂಕಾದ ನಕ್ಷತ್ರವು ಕೆಂಪಾಗಿರಬೇಕೆಂಬುದು ನಿರೀಕ್ಷೆ, ಇದಾದರೋ ಬೆಳ್ಳಗಿತ್ತು.

ಕಮ್ಮಾರನ ಕುಲುಮೆಯಲ್ಲಿ ಕಬ್ಬಿಣವು ಕಾದಂತೆಲ್ಲ ಕೆಂಪು, ಹಳದಿ, ಬಿಳಿ ಬಣ್ಣಗಳನ್ನು ತಳೆಯುವುದನ್ನು ಎಲ್ಲರೂ ಬಲ್ಲರು. ಬೆಳ್ಳಗೆ ಕಾದ ಮೈಯ ಪ್ರತಿಯೊಂದು ಚದರ ಅಂಗುಲವೂ ಅಪಾರವಾದ ಬೆಳಕನ್ನು ಸೂಸಲೇಬೇಕು. ಆದರೂ ಒಟ್ಟು ಬೆಳಕು ಅತ್ಯಲ್ಪವೆಂದರೆ ಮೈಯೇ ಕಿರಿದೆಂದಾಯಿತು. ಇಂದಿನ ಅಳತೆಗಳಂತೆ ಇದರ ಮೇಲ್ಮೈ ಉಷ್ಣತೆ ಸುಮಾರು 25,000 ಕೆಲ್ವಿನ್, ದ್ರವ್ಯರಾಶಿ ಸೂರ್ಯನಷ್ಟು, ಗಾತ್ರ ಭೂಮಿಗಿಂತಲೂ ತುಸು ಕಿರಿದು. ಶಹಾಪುರದ ಬೆಟ್ಟಗಳ ಗ್ರಾನೈಟು ಒಂದು ಘನ ಸೆಂಟಿಮೀಟರಿಗೆ ಸುಮಾರು 2.7 ಗ್ರಾಂ ತೂಗುತ್ತದೆ. ಈ ನಕ್ಷತ್ರದ ಸರಾಸರಿ ಸಾಂದ್ರತೆ ಅದರ ಸುಮಾರು ಹತ್ತು ಲಕ್ಷ ಪಟ್ಟು!

1922ರಲ್ಲಿ ಲೈಟನ್ ಅವರು ಇಂಥವುಗಳಿಗೆ ಶ್ವೇತಕುಬ್ಜಗಳೆಂದು ಹೆಸರಿಟ್ಟರು. ಈ ಹೆಸರು ವಿದ್ಯಾರ್ಥಿಗಳನ್ನು ದಾರಿ ತಪ್ಪಿಸುವುದುಂಟು. ಮೊದಲು ಕಣ್ಣಿಗೆ ಬಿದ್ದವು ಬಿಸಿಯಾದವು, ಆದುದರಿಂದ ಬಿಳಿಯವು. ವಾನ್ ಮಾನೆನ್ನನ ನಕ್ಷತ್ರದ ಉಷ್ಣತೆ ಸುಮಾರು 6,000 ಕೆಲ್ವಿನ್ ಮಾತ್ರ, ಸೂರ್ಯನಿಗೆ ಸಮೀಪ. 4,000ಕ್ಕೆ ಇಳಿದವು ಕಿತ್ತಳೆಯ ಕಡೆಗೆ ವಾಲುತ್ತವೆ. ಇನ್ನೂ ತಣಿದ ಕೆಲವುಗಳಲ್ಲಿ ಜಲಜನಕದ ಅಣುಗಳು ಕೆಂಪಿನಾಚೆಯ ಕಿರಣಗಳನ್ನು ಹೀರಿಕೊಳ್ಳುವುದರಿಂದ ಬಣ್ಣವು ಮರಳಿ ನೀಲಿಯತ್ತ ಸರಿಯುವುದೂ ಉಂಟು. ಹೆಸರಿನಲ್ಲಿ ‘ಕುಬ್ಜ’ವೆಂಬುದು ಲಕ್ಷಣ, ‘ಶ್ವೇತ’ವೆಂಬುದು ಬರಿಯ ಅವಸ್ಥೆ.

ಹಾಗಾದರೆ ತಣಿದಾಗ ಇದು ಕುಸಿಯದೇಕೆ? ಸಾಮಾನ್ಯ ನಕ್ಷತ್ರವನ್ನು ಗುರುತ್ವದೆದುರು ಎತ್ತಿ ಹಿಡಿಯುವುದು ಶಾಖದ ಒತ್ತಡ. ಇಂಧನ ತೀರಿ, ಬಹುಮಟ್ಟಿಗೆ ಇಂಗಾಲ ಆಮ್ಲಜನಕಗಳ ತಿರುಳಾಗಿ ಉಳಿದ ಕುಬ್ಜದಲ್ಲಿ ಎಲೆಕ್ಟ್ರಾನುಗಳು ಒತ್ತೊತ್ತಾಗಿ ಇಡಿಕಿರಿದಿರುತ್ತವೆ. ಪೌಲಿಯವರ ನಿಯಮದಂತೆ ಒಂದೇ ಸ್ಥಿತಿಯಲ್ಲಿ ಎರಡು ಎಲೆಕ್ಟ್ರಾನುಗಳಿಗೆ ಎಡೆಯಿಲ್ಲ. ಅದರಿಂದ ಹುಟ್ಟುವ ಒತ್ತಡಕ್ಕೆ ಶಾಖದ ಹಂಗಿಲ್ಲವೆಂಬುದನ್ನು 1926ರಲ್ಲಿ ಫೌಲರ್ ಅವರು ತೋರಿಸಿದರು. 1930ರಲ್ಲಿ ಇಂಗ್ಲೆಂಡಿಗೆ ಹಡಗಿನಲ್ಲಿ ಹೊರಟ ತರುಣ ಚಂದ್ರಶೇಖರರು ಇದಕ್ಕೂ ಮಿತಿಯುಂಟೆಂದು ಗಣಿಸಿದರು: ದ್ರವ್ಯರಾಶಿ ಹೆಚ್ಚಿದಷ್ಟೂ ಕುಬ್ಜವು ಕಿರಿದಾಗುತ್ತದೆ, ಸೂರ್ಯನ ಸುಮಾರು 1.4 ಪಟ್ಟನ್ನು ಮೀರಿದರೆ ಅದು ನಿಲ್ಲಲಾರದು. 1935ರಲ್ಲಿ ಎಡಿಂಗ್ಟನ್ನರು ಇದನ್ನು ಬಹಿರಂಗವಾಗಿ ಅಲ್ಲಗಳೆದರು. ಆದರೂ ಗಣಿತವೇ ಗೆದ್ದಿತೆನ್ನಬೇಕು.

ಗಾತ್ರ ಹೆಚ್ಚುಕಡಿಮೆ ಸ್ಥಿರವಾಗಿದ್ದು ಬಣ್ಣ ಮಾತ್ರ ಬದಲಾಗುವುದರಿಂದ, ಬಣ್ಣವೇ ವಯಸ್ಸನ್ನು ಹೇಳುವ ಗಡಿಯಾರವಾಗುತ್ತದೆ. 1952ರಲ್ಲಿ ಮೆಸ್ಟೆಲ್ ಅವರು ಇದರ ಲೆಕ್ಕವನ್ನು ಕೊಟ್ಟರು. ಆದರೆ ಈ ಗಡಿಯಾರವು ಒಂದೇ ವೇಗದಲ್ಲಿ ನಡೆಯದು. ಒಳಗಿನ ದ್ರವ್ಯವು ಹರಳುಗಟ್ಟುವಾಗ ಬಿಡುವ ಶಾಖವು ತಣಿಯುವಿಕೆಯನ್ನು ತಡೆಯುತ್ತದೆಂಬುದಕ್ಕೆ ಗಾಯಾ ಉಪಗ್ರಹದ ಅಳತೆಗಳಿಂದ 2019ರಲ್ಲಿ ಸಾಕ್ಷ್ಯ ದೊರೆಯಿತು.

ಶ್ವೇತಕುಬ್ಜವನ್ನು ಕಣ್ಣಾರೆ ಕಾಣಬಯಸುವ ಕಾಲೇಜುಗಳು ಲುಬ್ಧಕದ ಪ್ರಖರತೆಯೊಡನೆ ಹೆಣಗುವುದಕ್ಕಿಂತ ಜನವರಿಯಲ್ಲಿ ವೈತರಣಿ ಪುಂಜದ 40ನೆಯ ನಕ್ಷತ್ರದ ಸಂಗಾತಿಯನ್ನು ಅರಸುವುದು ಲೇಸು. ಮೂರು ಅಂಗುಲದ ದೂರದರ್ಶಕವೇ ಸಾಕು. ಆದರೆ ಅಷ್ಟು ಮಂಕು ಬೆಳಕಿನಲ್ಲಿ ಕಣ್ಣಿಗೆ ಬಣ್ಣ ತಿಳಿಯದು. ಖಗೋಳಜ್ಞರು ಬೇರೆ ಬೇರೆ ಶೋಧಕಗಳ ಮೂಲಕ ಬೆಳಕನ್ನು ಅಳೆದು, ಹೋಲಿಸಿ, ಬಣ್ಣವನ್ನು ನಿರ್ಣಯಿಸುತ್ತಾರೆ.

ಈ ವಿಧಾನದ ಒಂದು ಫಲ ಕರ್ನಾಟಕಕ್ಕೆ ಸೇರಿದ್ದು. 2015ರಲ್ಲಿ ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹದ ನೇರಿಳೆಯಾಚೆಯ ದೂರದರ್ಶಕವನ್ನು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ನೇತೃತ್ವದಲ್ಲಿ ನಿರ್ಮಿಸಲಾಯಿತು. ಕರ್ಕಾಟಕ ರಾಶಿಯ ಎಂ 67 ಗುಚ್ಛದಲ್ಲಿ, ತನ್ನ ಓರಗೆಯವುಗಳಿಗಿಂತ ನೀಲಿಯಾಗಿ, ಹರೆಯದಂತೆ ತೋರುವ ನಕ್ಷತ್ರವೊಂದರ ನೇರಿಳೆಯಾಚೆಯ ಬೆಳಕು ಲೆಕ್ಕಕ್ಕಿಂತ ಹೆಚ್ಚಾಗಿತ್ತು. ಸೂರ್ಯನ ಸುಮಾರು 0.2ರಷ್ಟು ದ್ರವ್ಯರಾಶಿಯ ಶ್ವೇತಕುಬ್ಜವೊಂದು ಅದರ ಸಂಗಾತಿಯೆಂದು 2019ರಲ್ಲಿ ಪ್ರಕಟವಾಯಿತು. ತನ್ನ ದ್ರವ್ಯವನ್ನು ನೆರೆಯ ನಕ್ಷತ್ರಕ್ಕೆ ಧಾರೆಯೆರೆದು ಅದಕ್ಕೆ ಹರೆಯದ ಬಣ್ಣವನ್ನು ತಂದುದು ಇದೇ. ಮಾರ್ಚ್ ನಡುವಿನ ರಾತ್ರಿಗಳಲ್ಲಿ ಈ ಗುಚ್ಛವು ಸುರಪುರದ ನೆತ್ತಿಯ ಸಮೀಪವೇ ಹಾದುಹೋಗುತ್ತದೆ. ಆದರೆ ಕುಬ್ಜವನ್ನು ಹೊರಗೆಡಹಿದ ಆ ಕಿರಣಗಳನ್ನು ವಾಯುಮಂಡಲವು ಮೇಲೆಯೇ ತಡೆಯುತ್ತದೆ.