ಡೀಸೆಲ್ ಕಾರು: ಕೊಳ್ಳುವ ಮುನ್ನ ಓಡಿಸಿ ನೋಡಿ
ಮಧ್ಯಮವರ್ಗದ ಸಂಸಾರಕ್ಕೆ ಕಾರು ಕೊಳ್ಳುವುದೆಂದರೆ ಮದುವೆ ಮಾಡಿದಷ್ಟೇ ದೊಡ್ಡ ಕಾರ್ಯ. ನಾಲ್ಕು ಮೀಟರಿನೊಳಗಿನ ಸಣ್ಣ ಕಾರುಗಳಿಗೆ ದೊರೆತ ಸುಂಕದ ರಿಯಾಯಿತಿಯಿಂದ 2008ರಲ್ಲಿ ಟಾಟಾ ಇಂಡಿಗೋ ಸಿ.ಎಸ್. ಅಂಥವರ ಕೈಗೆಟುಕಿತು. 2020ರ ಬಿ.ಎಸ್. 6 ನಿಯಮದೊಡನೆ ಮಾರುತಿಯವರು ಡೀಸೆಲನ್ನೇ ಕೈಬಿಟ್ಟರು. ಈಗ ಇಂಥ ಕಾರನ್ನು ಹೆಚ್ಚಾಗಿ ಹಳೆಯವುಗಳಲ್ಲೇ ಆರಿಸಬೇಕು.

ಬಳ್ಳಾರಿಯ ಪೇಟೆಯಲ್ಲಿ ಒಂದು ಸುತ್ತು ಹೊಡೆದರೆ ಸಾಲದು. ಮುಂಜಾನೆ ತಣ್ಣಗಿರುವ ಎಂಜಿನ್ನನ್ನೇ ಚಾಲೂ ಮಾಡಿಸಬೇಕು. ಮೊದಲೇ ಕಾಯಿಸಿಟ್ಟರೆ ದೋಷ ಮರೆಯಾಗುತ್ತದೆ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆಯೆಂದು ತಿಳಿಯಬೇಕು.

ಅನಂತರ ಮನೆಮಂದಿಯೊಡನೆ ಕುರುಗೋಡಿನ ದೊಡ್ಡಬಸವೇಶ್ವರನ ದರ್ಶನ ಮಾಡಿ, ಸಿರುಗುಪ್ಪದವರೆಗೂ ಹೋಗಬೇಕು. ನಾಲ್ವರು ಕುಳಿತು, ಬಿಸಿಲಿನಲ್ಲಿ ಎ.ಸಿ. ಹಾಕಿ, ಭತ್ತದ ಲಾರಿಯನ್ನು ಹಿಂದಿಕ್ಕುವಾಗಲೇ ಎಂಜಿನ್ನಿನ ನಿಜವಾದ ಕಸುವು ತಿಳಿಯುವುದು.

ದಿನಕ್ಕೆ ಐದಾರು ಕಿಲೋಮೀಟರೂ ಓಡದ ಸಂಸಾರಕ್ಕೆ ಡೀಸೆಲಿನ ಉಳಿತಾಯ ರಿಪೇರಿಗೇ ಸವೆದೀತು. ಈ ಲೆಕ್ಕವನ್ನು ಮುಂಗಡ ಕೊಡುವ ಮೊದಲೇ ಹಾಕುವುದು ಲೇಸು.