ಟಿಪ್ಪು ಖಡ್ಗ ಉಡುಗೊರೆಯಾಗಿದ್ದು

1799ರ ಮೇ 4. ಶ್ರೀರಂಗಪಟ್ಟಣದ ಕೋಟೆ ಬಿತ್ತು, ಟಿಪ್ಪು ಸುಲ್ತಾನ್ ಹೋರಾಡುತ್ತಲೇ ಸತ್ತ. ಆಮೇಲೆ ಲೂಟಿ. ಅರಮನೆಯ ಬೊಕ್ಕಸವನ್ನು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಹುದ್ದೆಗೆ ತಕ್ಕಂತೆ ಪಾಲು ಹಾಕಿಕೊಂಡಿತು. ಆಯ್ದ ಆಯುಧಗಳಿಗೆ ಮಾತ್ರ ಬೇರೆ ದಾರಿ. ಅವು ಉಡುಗೊರೆಯಾದವು.

ಟಿಪ್ಪುವಿನ ಖಾಸಗಿ ಕೋಣೆಯಲ್ಲಿ ಸಿಕ್ಕ ಈ ಖಡ್ಗ ನೋಡಿ. ಹಿಡಿಯ ತುಂಬ ಚಿನ್ನದ ಕುಸುರಿ, ಅದರಲ್ಲೇ ದೇವರ ಸ್ತುತಿಯ ಅಕ್ಷರಗಳು. ಇದನ್ನು ಸೈನ್ಯ ಕೊಟ್ಟಿದ್ದು ದಾಳಿಯ ಮುಂದಾಳು ಡೇವಿಡ್ ಬೇರ್ಡ್‌ಗೆ. ಈತ 1780ರ ಪೊಳ್ಳಿಲೂರು ಯುದ್ಧದಲ್ಲಿ ಸೆರೆಸಿಕ್ಕು, ಇದೇ ಶ್ರೀರಂಗಪಟ್ಟಣದಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಕೈದಿಯಾಗಿದ್ದವನು! ಆ ಕೈಗೇ ಈ ಖಡ್ಗ ಅಂದರೆ ಅದು ಬರೀ ಬಹುಮಾನವಲ್ಲ, ಸೇಡು ತೀರಿತು ಅನ್ನುವ ಘೋಷಣೆ.

ಟಿಪ್ಪುವಿನ ಇನ್ನೊಂದು ಖಡ್ಗ, ಪೇಟದ ಸಮೇತ, ಹಿಂದಿನ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ಗೆ ಹೋಯಿತು. 1792ರಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಿಟ್ಟುಕೊಂಡವನು ಇವನೇ. ಸಿಂಹಾಸನದ ರತ್ನಖಚಿತ ಹುಮಾ ಹಕ್ಕಿ ಬ್ರಿಟನ್ನಿನ ಮೂರನೇ ಜಾರ್ಜ್ ದೊರೆಗೆ ಸಂದಿತು.

ಕಿತ್ತುಕೊಂಡ ವಸ್ತುವಿಗೆ ಕಾಣಿಕೆ ಎಂಬ ಹೆಸರು ಬಿದ್ದರೆ ಯಾರೂ ಲೂಟಿ ಅನ್ನುವುದಿಲ್ಲ. ಈ ಜಾಣತನವನ್ನು ನಾವು ಗುರುತಿಸಲೇಬೇಕು.

ಬೇರ್ಡ್‌ಗೆ ಕೊಟ್ಟ ಖಡ್ಗ 2023ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಹರಾಜಾಯಿತು. ಬೆಲೆ, ಸುಮಾರು 1.4 ಕೋಟಿ ಪೌಂಡ್.