ಚೆಂಡೆ ಮೊದಲು, ಹೆಜ್ಜೆ ಆಮೇಲೆ

ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನಮ್ಮ ಮನೆಯ ಆಟ ಟಿವಿಗೆ ಬರುತ್ತದೆ. ಪಂಪ್‌ವೆಲ್ ಮೇಲ್ಸೇತುವೆಗೆ ಹತ್ತಿರದ ಮನೆ ನಮ್ಮದು. ಆಟಿಯ ಮಳೆ ಹಿಡಿದರೆ ಸಂಜೆ ಆರರ ನಂತರ ಅಮ್ಮ ಹೊರಗೆ ಕಾಲಿಡುವುದಿಲ್ಲ. ಯೂಟ್ಯೂಬಿನಲ್ಲಿ ತೆಂಕುತಿಟ್ಟಿನ ಆಟಗಳು ಇಡೀ ರಾತ್ರಿಯವು ಬೇಕಾದಷ್ಟಿವೆ. ಆದರೆ ಬಣ್ಣದ ವೇಷದ ಅಬ್ಬರವನ್ನು ಅಂಗೈಯಗಲದ ಮೊಬೈಲಿನಲ್ಲಿ ನೋಡಿ ಏನು ಸುಖ? ಮನೆಯ ಟಿವಿ ಸ್ಮಾರ್ಟ್ ಟಿವಿ ಅಲ್ಲ. ಕಪಾಟಿನಲ್ಲಿ 2012ರಲ್ಲಿ ಕೊಂಡ ಲ್ಯಾಪ್‌ಟಾಪ್ ಒಂದು ಸುಮ್ಮನೆ ಕೂತಿತ್ತು. ಒಂದು ಎಚ್‌ಡಿಎಂಐ ಕೇಬಲ್ ತಂದು ಎರಡನ್ನೂ ಜೋಡಿಸಿದೆ. ಚಿತ್ರ ಬಂತು. ಲ್ಯಾಪ್‌ಟಾಪಿನ ಸ್ಪೀಕರಿನಿಂದ ಭಾಗವತರ ಪದವೂ ಕೇಳಿಸಿತು. ನಾನು ಗೆದ್ದೆ ಅಂದುಕೊಂಡು ಚಹಾ ಮಾಡಲು ಒಳಗೆ ಹೋದೆ.

ಐದು ನಿಮಿಷ ಆಗಿರಲಿಲ್ಲ, ಅಮ್ಮ ಕರೆದರು. "ಇದು ಎಂಥದಾ? ಚೆಂಡೆ ಮೊದಲು ಬೀಳ್ತದೆ, ಹೆಜ್ಜೆ ಮತ್ತೆ ಬೀಳ್ತದೆ. ತಾಳ ತಪ್ಪಿದ ಹಾಗೆ ಕಾಣ್ತದೆ."

ನಾನು ನೋಡಿದೆ. ನನಗೆ ಏನೂ ತಿಳಿಯಲಿಲ್ಲ. ಮತ್ತೆ ಹತ್ತಿರ ಕೂತು, ವೇಷಧಾರಿ ದಿಗಿಣ ಹಾರಿ ನೆಲಕ್ಕೆ ಕಾಲೂರುವ ಜಾಗವನ್ನು ನಾಲ್ಕು ಸಲ ಹಾಕಿ ನೋಡಿದ ಮೇಲೆ ಅಮ್ಮನ ಮಾತು ಸರಿ ಅನ್ನಿಸಿತು. ಕಾಲು ಇನ್ನೂ ಗಾಳಿಯಲ್ಲಿರುವಾಗಲೇ ಚೆಂಡೆಯ ಪೆಟ್ಟು ಕೇಳಿ ಆಗಿರುತ್ತಿತ್ತು.

ಕಾರಣ ಸರಳ. ಧ್ವನಿ ಲ್ಯಾಪ್‌ಟಾಪಿನಿಂದಲೇ ಹೊರಡುತ್ತಿತ್ತು, ಚಿತ್ರ ಮಾತ್ರ ಟಿವಿಗೆ ಹೋಗುತ್ತಿತ್ತು. ಟಿವಿ ತನಗೆ ಬಂದ ಚಿತ್ರವನ್ನು ಬಂದ ಹಾಗೆಯೇ ತೋರಿಸುವುದಿಲ್ಲ. ಅಳತೆ ಹಿಗ್ಗಿಸುತ್ತದೆ, ಬಣ್ಣ ತಿದ್ದುತ್ತದೆ, ಅಂಚು ಚೂಪು ಮಾಡುತ್ತದೆ. ಅಷ್ಟಕ್ಕೆ ಅದಕ್ಕೆ ನೂರು ಮಿಲಿಸೆಕೆಂಡಿನ ಆಸುಪಾಸು, ಅಂದರೆ ಸೆಕೆಂಡಿನ ಹತ್ತನೇ ಒಂದು ಪಾಲು, ಹಿಡಿಯಬಹುದು. ಅಷ್ಟರಲ್ಲಿ ಧ್ವನಿ ಕಿವಿ ಮುಟ್ಟಿ ಆಗಿರುತ್ತದೆ.

ಇಷ್ಟು ಸಣ್ಣ ಅಂತರ ಅಮ್ಮನಿಗೆ ಹೇಗೆ ತಿಳಿಯಿತು? ಇಲ್ಲಿದೆ ನನಗೆ ಬಹಳ ಹಿಡಿಸಿದ ವಿಷಯ. ಧ್ವನಿ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಬಯಲಾಟದಲ್ಲಿ ರಂಗಸ್ಥಳದಿಂದ 34 ಮೀಟರ್ ಹಿಂದೆ, ಚುರುಮುರಿ ಅಂಗಡಿಯ ಪಕ್ಕ, ನಿಂತವನಿಗೆ ಚೆಂಡೆಯ ಪೆಟ್ಟು ಕೇಳುವುದು ಕೋಲು ಬಿದ್ದದ್ದು ಕಂಡ ಮೇಲೆ ಸೆಕೆಂಡಿನ ಹತ್ತನೇ ಒಂದು ಪಾಲು ತಡವಾಗಿ. ಆತ ಎಂದೂ ದೂರಿದ್ದಿಲ್ಲ. ಲೋಕದಲ್ಲಿ ಯಾವಾಗಲೂ ನೋಟ ಮೊದಲು, ಸದ್ದು ಆಮೇಲೆ. ಮರ ಕಡಿಯುವವನ ಕೊಡಲಿಯಾದರೂ ಅಷ್ಟೆ, ಮಿಂಚು ಗುಡುಗಾದರೂ ಅಷ್ಟೆ. ನಮ್ಮ ಮಿದುಳು ಅದಕ್ಕೆ ಹುಟ್ಟಿನಿಂದ ಒಗ್ಗಿದೆ. ಸದ್ದು ಮೊದಲು ಬಂದು ನೋಟ ಆಮೇಲೆ ಬರುವ ಸಂಗತಿ ಪ್ರಕೃತಿಯಲ್ಲಿ ಇಲ್ಲವೇ ಇಲ್ಲ, ಆದ್ದರಿಂದ ಅದನ್ನು ಮಿದುಳು ಬೇಗ ಹಿಡಿದುಬಿಡುತ್ತದೆ. ಪ್ರಸಾರದ ಮಾನದಂಡಗಳನ್ನು ಗೊತ್ತುಮಾಡುವ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಇದಕ್ಕೆ ಲೆಕ್ಕವನ್ನೇ ಕೊಟ್ಟಿದೆ: ಧ್ವನಿ 125 ಮಿಲಿಸೆಕೆಂಡ್ ತಡವಾದರೂ ನೋಡುಗರಿಗೆ ಗೊತ್ತಾಗುವುದಿಲ್ಲ, ಆದರೆ 45 ಮಿಲಿಸೆಕೆಂಡ್ ಮುಂಚೆ ಬಂದರೆ ಗೊತ್ತಾಗಿಬಿಡುತ್ತದೆ. ಐವತ್ತು ವರ್ಷ ಆಟ ನೋಡಿದ ಕಣ್ಣು ಕಿವಿಗೆ ಅದಕ್ಕಿಂತಲೂ ಮೊದಲೇ ಗೊತ್ತಾದರೆ ಆಶ್ಚರ್ಯವಿಲ್ಲ.

ಮದ್ದು ಅರ್ಧ ನಿಮಿಷದ್ದು. ಲ್ಯಾಪ್‌ಟಾಪಿನ ಪರದೆಯ ಕೆಳಮೂಲೆಯಲ್ಲಿರುವ ಸ್ಪೀಕರಿನ ಗುರುತನ್ನು ಒತ್ತಿ, ಧ್ವನಿ ಹೋಗುವ ದಾರಿಯಾಗಿ ಟಿವಿಯ ಹೆಸರನ್ನು ಆರಿಸಬೇಕು. ಆಗ ಧ್ವನಿಯೂ ಅದೇ ಕೇಬಲಿನಲ್ಲಿ ಹೋಗುತ್ತದೆ, ಎರಡನ್ನೂ ಟಿವಿಯೇ ಒಟ್ಟಿಗೆ ಹೊರಡಿಸುತ್ತದೆ. ಬೇರೆ ಸ್ಪೀಕರ್ ಇಟ್ಟುಕೊಂಡವರು ಟಿವಿಯ ಸೆಟ್ಟಿಂಗಿನಲ್ಲಿ ಗೇಮ್ ಮೋಡ್ ಅಥವಾ ಪಿಸಿ ಮೋಡ್ ಹಾಕಿದರೆ ಆ ತಿದ್ದುಪಡಿಯ ಕೆಲಸವೆಲ್ಲ ಕಡಿಮೆಯಾಗಿ ಚಿತ್ರ ಬೇಗ ಬರುತ್ತದೆ.

ಈ ಕೇಬಲ್ ಮೇಲೆ ನೋಡಲು ಸಾದಾ, ಒಳಗೆ ದೊಡ್ಡ ಸಂಸಾರ. ಎಚ್‌ಡಿಎಂಐ ಮೊದಲ ರೂಪ ಪ್ರಕಟವಾದದ್ದು 2002ರ ಡಿಸೆಂಬರಿನಲ್ಲಿ. ಅದರ ಬಾಯಲ್ಲಿ 19 ಪಿನ್‌ಗಳಿವೆ. ಚುಚ್ಚಿದ ಕೂಡಲೇ ಲ್ಯಾಪ್‌ಟಾಪ್ ಒಂದು ಪಿನ್ನಿನಲ್ಲಿ 5 ವೋಲ್ಟ್ ಕೊಡುತ್ತದೆ, ಟಿವಿ ಇನ್ನೊಂದು ಪಿನ್ನಿನಲ್ಲಿ 'ನಾನಿದ್ದೇನೆ' ಎಂದು ಕೈಯೆತ್ತುತ್ತದೆ. ಆಮೇಲೆ ಪರಿಚಯ. ನಮ್ಮ ಊರಲ್ಲಿ ಹೊಸಬರು ಸಿಕ್ಕಿದರೆ ಮೊದಲ ಪ್ರಶ್ನೆ 'ಇಲ್ಲ್ ಓಲು?', ಮನೆ ಎಲ್ಲಿ, ಎಂದಲ್ಲವೇ? ಲ್ಯಾಪ್‌ಟಾಪ್ ಕೇಳುವುದೂ ಅದನ್ನೇ. ಟಿವಿ ತನ್ನೊಳಗಿನ ಒಂದು ಸಣ್ಣ ಚಿಪ್ಪಿನಲ್ಲಿ 128 ಬೈಟ್‌ಗಳ ಒಂದೆರಡು ಕಂತಿನಲ್ಲಿ ತನ್ನ ಜಾತಕ ಬರೆದಿಟ್ಟಿರುತ್ತದೆ. ಯಾವ ಕಂಪನಿ, ಯಾವ ಮಾದರಿ, ಎಷ್ಟು ಚುಕ್ಕಿಗಳ ಪರದೆ, ಸೆಕೆಂಡಿಗೆ ಎಷ್ಟು ಚಿತ್ರ ತೋರಿಸಬಲ್ಲದು, ಸ್ಪೀಕರ್ ಉಂಟೇ ಇಲ್ಲವೇ, ಎಲ್ಲವೂ ಅದರಲ್ಲಿ. ಇದನ್ನು ಓದಿಕೊಂಡ ಮೇಲೆಯೇ ಲ್ಯಾಪ್‌ಟಾಪ್ ಚಿತ್ರ ಕಳಿಸುತ್ತದೆ. 'ನೋ ಸಿಗ್ನಲ್' ಎಂದು ಬರುವುದು ಹಲವು ಸಲ ಈ ಪರಿಚಯ ಅರ್ಧಕ್ಕೆ ನಿಂತಾಗ. ನಮ್ಮ ಕಡಲ ತೀರದ ತೇವಕ್ಕೆ, ವರ್ಷಗಟ್ಟಲೆ ಕಪಾಟಿನಲ್ಲಿದ್ದ ಲ್ಯಾಪ್‌ಟಾಪಿನ ಪೋರ್ಟಿನೊಳಗೆ ಧೂಳು ಬೂಷ್ಟು ಕೂತಿರುತ್ತದೆ. ಒಂದು ಪಿನ್ ತಾಗದಿದ್ದರೂ ಮಾತು ನಿಲ್ಲುತ್ತದೆ. ಯಂತ್ರ ಆಫ್ ಮಾಡಿ, ಒಣಗಿದ ಮೆತ್ತನೆ ಬ್ರಷ್ಷಿನಿಂದ ಉಜ್ಜಿ, ಕೇಬಲ್ ಪೂರ್ತಿ ಒಳಕ್ಕೆ ತಳ್ಳಿ ಮತ್ತೆ ನೋಡಿ.

ಇನ್ನು ಚಿತ್ರ ಸಾಗುವ ಬಗೆ. ಪ್ರತಿ ಸಂಕೇತಕ್ಕೂ ಒಂದಲ್ಲ, ಎರಡು ತಂತಿ. ಒಂದರಲ್ಲಿ ಏರಿದರೆ ಇನ್ನೊಂದರಲ್ಲಿ ಇಳಿಯುತ್ತದೆ. ನೇತ್ರಾವತಿಯಲ್ಲಿ ಒಂದೇ ದೋಣಿಯಲ್ಲಿ ನಿಂತ ಉದ್ದದವನನ್ನೂ ಗಿಡ್ಡದವನನ್ನೂ ನೆನೆಯಿರಿ. ತೆರೆ ಬಂದರೆ ಇಬ್ಬರೂ ಒಟ್ಟಿಗೆ ಏರುತ್ತಾರೆ, ಒಟ್ಟಿಗೆ ಇಳಿಯುತ್ತಾರೆ, ಆದರೆ ಅವರ ಎತ್ತರದ ವ್ಯತ್ಯಾಸ ಬದಲಾಗುವುದಿಲ್ಲ. ಪಕ್ಕದ ಮಿಕ್ಸಿ, ಫ್ಯಾನು ಎಬ್ಬಿಸುವ ವಿದ್ಯುತ್ ಗದ್ದಲ ಎರಡು ತಂತಿಗೂ ಒಂದೇ ಸಮ ತಟ್ಟುತ್ತದೆ. ಟಿವಿ ನೋಡುವುದು ವ್ಯತ್ಯಾಸವನ್ನು ಮಾತ್ರ, ಆದ್ದರಿಂದ ಗದ್ದಲ ಕಳೆದುಹೋಗುತ್ತದೆ.

ಎಷ್ಟು ಸಾಗುತ್ತದೆ ಎಂಬ ಲೆಕ್ಕ ಮಾಡಿದರೆ ಬೆರಗಾಗುತ್ತದೆ. ಫುಲ್ ಎಚ್‌ಡಿ ಪರದೆಯಲ್ಲಿ 1920 ಅಡ್ಡ, 1080 ಉದ್ದ, ಒಟ್ಟು 20,73,600 ಚುಕ್ಕಿಗಳು. ಒಂದೊಂದಕ್ಕೂ ಬಣ್ಣ ಹೇಳಲು 24 ಬಿಟ್. ಸೆಕೆಂಡಿಗೆ 60 ಸಲ. ಹತ್ತಿರಹತ್ತಿರ 300 ಕೋಟಿ ಬಿಟ್, ಪ್ರತಿ ಸೆಕೆಂಡಿಗೆ, ಆ ಒಂದು ಕೇಬಲಿನಲ್ಲಿ. ಅದೇ ಆಟ ಇಂಟರ್ನೆಟ್ಟಿನಿಂದ ಮನೆಗೆ ಬರುವಾಗ ಸೆಕೆಂಡಿಗೆ 50 ಲಕ್ಷ ಬಿಟ್ ಇದ್ದರೆ ಸಾಕು. ಆರುನೂರು ಪಾಲಿನಲ್ಲಿ ಒಂದು ಪಾಲು! ಉಳಿದದ್ದೆಲ್ಲವನ್ನೂ ಹುಟ್ಟಿಸುವುದು ನಿಮ್ಮ ಮನೆಯ ಹಳೆಯ ಲ್ಯಾಪ್‌ಟಾಪ್.

ಹೇಗೆ? ರಂಗಸ್ಥಳದ ಹಿಂದಿನ ಪರದೆ, ಕೂತ ಹಿಮ್ಮೇಳದವರು, ದೀಪಗಳು, ಇವೆಲ್ಲ ಒಂದು ಚಿತ್ರದಿಂದ ಇನ್ನೊಂದಕ್ಕೆ ಬದಲಾಗುವುದೇ ಇಲ್ಲ. ಅವನ್ನು ಮತ್ತೆ ಮತ್ತೆ ಯಾಕೆ ಕಳಿಸಬೇಕು? ಒಂದು ಸಲ ಪೂರ್ತಿ ಚಿತ್ರ ಕಳಿಸಿ, ಆಮೇಲೆ 'ಈ ತುಂಡು ಇಷ್ಟು ಬಲಕ್ಕೆ ಸರಿಯಿತು, ಆ ತುಂಡು ಬದಲಾಯಿತು' ಎಂಬ ಟಿಪ್ಪಣಿ ಮಾತ್ರ ಕಳಿಸುವುದು ವಿಡಿಯೊ ಕೋಡೆಕ್‌ಗಳ ಕಸುಬು. ಅರ್ಥಧಾರಿ ನಿಂತು ಮಾತಾಡುವಾಗ ಟಿಪ್ಪಣಿ ಚಿಕ್ಕದು. ಆತ ಗಿರಗಿರ ತಿರುಗಿ ದಿಗಿಣ ಹಾಕತೊಡಗಿದರೆ, ಕಿರೀಟದ ಕನ್ನಡಿ ಚೂರು, ಮಣಿ, ಜರಿ, ಎಲ್ಲವೂ ಒಟ್ಟಿಗೆ ಮಿನುಗಿ ಟಿಪ್ಪಣಿ ಉಬ್ಬುತ್ತದೆ. ನೆಟ್ ಸಾಲದಿದ್ದರೆ ಆ ಕ್ಷಣದಲ್ಲೇ ವೇಷದ ಮೈಮೇಲೆ ಚೌಕ ಚೌಕ ತುಂಡುಗಳು ಏಳುವುದು. ಆಟದ ಅತ್ಯುತ್ತಮ ಗಳಿಗೆಯೇ ಕೋಡೆಕ್‌ಗೆ ಅತಿ ಕಷ್ಟದ ಗಳಿಗೆ.

ಈ ಟಿಪ್ಪಣಿಗಳನ್ನು ಬಿಡಿಸಲು ಪ್ರೊಸೆಸರಿನಲ್ಲಿ ಅದಕ್ಕೆಂದೇ ಬೇರೆ ಸರ್ಕ್ಯೂಟ್ ಇರುತ್ತದೆ. 2012ರ ನನ್ನ ಯಂತ್ರಕ್ಕೆ 2003ರಲ್ಲಿ ಬಂದ ಎಚ್.264 ಎಂಬ ಭಾಷೆ ಗೊತ್ತು, ಅದನ್ನು ತಣ್ಣಗೆ ಬಿಡಿಸುತ್ತದೆ. ಯೂಟ್ಯೂಬ್ ಈಗ ಹೆಚ್ಚಾಗಿ ಕಳಿಸುವುದು 2013ರ ವಿಪಿ9, ಇಲ್ಲವೇ 2018ರ ಎವಿ1. ಇವು ಅದಕ್ಕೆ ಗೊತ್ತಿಲ್ಲ. ಆಗ ಮುಖ್ಯ ಪ್ರೊಸೆಸರ್ ತಾನೇ ಒಂದೊಂದು ಲೆಕ್ಕವನ್ನೂ ಮಾಡಬೇಕು. ಫ್ಯಾನು ಹುಯ್ಯೆನ್ನುತ್ತದೆ, ಅಡಿ ಬಿಸಿಯಾಗುತ್ತದೆ, ಆಟ ತಡವರಿಸುತ್ತದೆ. ನಾವು ನೆಟ್‌ನವರನ್ನು ಬೈಯುತ್ತೇವೆ.

ಪಂಪ್‌ವೆಲ್‌ನವರಿಗೆ ಇದು ಹೊಸದಲ್ಲ. ಉಡುಪಿಯ ಕಡೆಯ, ಕೇರಳದ ಕಡೆಯ, ಬೆಂಗಳೂರಿನ ಕಡೆಯ ವಾಹನಗಳು ಸೇರುವ ಜಾಗ ಇದು. 2020ರ ಜನವರಿ 31ರಂದು ಮೇಲ್ಸೇತುವೆ ತೆರೆಯುವವರೆಗೆ ವರ್ಷಗಟ್ಟಲೆ ನಾವು ಇಲ್ಲಿ ಬ್ಲಾಕ್‌ನಲ್ಲಿ ನಿಂತವರು. ಬಸ್ಸು ನಿಂತದ್ದು ಒಂದು ಕಡೆ, ಬ್ಲಾಕ್ ಇರುವುದು ಇನ್ನೊಂದು ಕಡೆ ಎಂದು ನಮಗೆ ಚೆನ್ನಾಗಿ ಗೊತ್ತು. ವಿಡಿಯೊ ನಿಂತರೂ ಮೊದಲು ಬ್ಲಾಕ್ ಎಲ್ಲಿ ಎಂದು ಕಂಡುಕೊಳ್ಳಬೇಕು. ಯೂಟ್ಯೂಬಿನ ವಿಡಿಯೊ ಮೇಲೆ ಮೌಸಿನ ಬಲಗುಂಡಿ ಒತ್ತಿ 'ಸ್ಟಾಟ್ಸ್ ಫಾರ್ ನರ್ಡ್ಸ್' ಆರಿಸಿ. ಕೋಡೆಕ್ಸ್ ಎಂಬ ಸಾಲಿನಲ್ಲಿ ಎವಿಸಿ1 ಎಂದಿದ್ದರೆ ಅದು ಎಚ್.264. ವಿಪಿ09, ಎವಿ01 ಎಂದಿದ್ದರೆ ಹೊಸವು. ಅಲ್ಲೇ ಬಿಟ್ಟುಹೋದ ಚಿತ್ರಗಳ ಸಂಖ್ಯೆ ಏರುತ್ತಾ, ಬಫರ್ ಮಾತ್ರ ತುಂಬಿಯೇ ಇದ್ದರೆ ತಪ್ಪು ನೆಟ್ಟಿನದ್ದಲ್ಲ, ಪ್ರೊಸೆಸರ್ ಸೋತಿದೆ. ಗುಣಮಟ್ಟವನ್ನು 720ಕ್ಕೆ ಇಳಿಸಿ. ಇಲ್ಲವೇ ಬ್ರೌಸರಿಗೆ 'ಎಚ್264ಇಫೈ' ಎಂಬ ಪುಟ್ಟ ಎಕ್ಸ್‌ಟೆನ್ಷನ್ ಸೇರಿಸಿ. ಅದು ಯೂಟ್ಯೂಬಿನಿಂದ ಹಳೆಯ ಭಾಷೆಯಲ್ಲೇ ವಿಡಿಯೊ ಕೇಳಿ ತರಿಸುತ್ತದೆ. ನಮ್ಮ ಮನೆಯಲ್ಲಿ ಫ್ಯಾನಿನ ಸದ್ದು ಅಂದಿನಿಂದ ನಿಂತಿದೆ.

ಚಿತ್ರ ಮಸುಕಾಗಿ ಕಂಡರೆ ಕಾರಣ ಬೇರೆ. ಆ ಕಾಲದ ಬಹಳ ಲ್ಯಾಪ್‌ಟಾಪುಗಳ ಪರದೆ 1366ಕ್ಕೆ 768, ಫುಲ್ ಎಚ್‌ಡಿಯ ಅರ್ಧದಷ್ಟೇ ಚುಕ್ಕಿ. ಎರಡು ಕಡೆಯೂ ಒಂದೇ ಚಿತ್ರ ಬರಲಿ ಎಂದರೆ ಟಿವಿಯೂ ಆ ಅಳತೆಗೆ ಇಳಿಯಬೇಕಾಗುತ್ತದೆ. ವಿಂಡೋಸ್ ಗುಂಡಿಯ ಜೊತೆ ಪಿ ಒತ್ತಿ, ಎರಡನೇ ಪರದೆ ಮಾತ್ರ ಎಂಬುದನ್ನು ಆರಿಸಿದರೆ ಟಿವಿ ತನ್ನ ಪೂರ್ಣ ಅಳತೆಗೆ ಬರುತ್ತದೆ.

ಇನ್ನೂ ಹಳೆಯ ಲ್ಯಾಪ್‌ಟಾಪಿನಲ್ಲಿ ನೀಲಿ ಬಾಯಿಯ, 15 ಪಿನ್ನಿನ ವಿಜಿಎ ಮಾತ್ರ ಇರುತ್ತದೆ. 1987ರಲ್ಲಿ ಐಬಿಎಂ ತಂದದ್ದು. ಅದರಲ್ಲಿ ಹರಿಯುವುದು ಅಂಕಿ ಅಲ್ಲ, ಏರಿಳಿಯುವ ವೋಲ್ಟೇಜ್. ಧ್ವನಿಗೆ ದಾರಿಯೇ ಇಲ್ಲ. ಇದಕ್ಕೆ ವಿಜಿಎಯಿಂದ ಎಚ್‌ಡಿಎಂಐಗೆ ಬದಲಿಸುವ, ಯುಎಸ್‌ಬಿಯಿಂದ ಕರೆಂಟು ತೆಗೆದುಕೊಳ್ಳುವ, ಹೆಡ್‌ಫೋನ್ ತೂತಿನಿಂದ ಧ್ವನಿ ಎತ್ತಿಕೊಳ್ಳುವ ಪುಟ್ಟ ಡಬ್ಬಿ ಬೇಕು. ಎಚ್‌ಡಿಎಂಐಯಿಂದ ವಿಜಿಎಗೆ ಹೋಗುವ ಡಬ್ಬಿಯೂ ನೋಡಲು ಹಾಗೆಯೇ ಇರುತ್ತದೆ, ಅದು ತಿರುಗಿ ಕೆಲಸ ಮಾಡುವುದಿಲ್ಲ. ಅಂಗಡಿಯಲ್ಲೇ ಕೇಳಿ ಖಚಿತಮಾಡಿಕೊಳ್ಳಿ. ಹಣ ಕೊಟ್ಟು ನೋಡುವ ಒಟಿಟಿ ಸಿನಿಮಾಗಳು ಈ ದಾರಿಯಲ್ಲಿ ಕಪ್ಪು ಪರದೆ ತೋರಿಸಿದರೆ ಡಬ್ಬಿ ಹಾಳಾಗಿದೆ ಅಂದುಕೊಳ್ಳಬೇಡಿ. ನಕಲು ತಡೆಯಲು ಇಂಟೆಲ್ ರೂಪಿಸಿದ ಎಚ್‌ಡಿಸಿಪಿ ಎಂಬ ಬೀಗ ಉಂಟು. ಎರಡು ತುದಿಯೂ ಗುಟ್ಟಿನ ಗುರುತು ಹೇಳಿಕೊಳ್ಳದೆ ಅದು ತೆರೆಯುವುದಿಲ್ಲ, ವಿಜಿಎಗೆ ಆ ಗುರುತು ಹೇಳಲು ಬರುವುದಿಲ್ಲ.

ಕೇಬಲ್ ಬೇಡ, ವೈಫೈಯಲ್ಲೇ ಪರದೆ ಕಳಿಸೋಣ ಎನ್ನುವವರಿಗೆ ನನ್ನ ಸಲಹೆ, ಹಳೆಯ ಯಂತ್ರದಲ್ಲಿ ಅದು ಬೇಡ. ಬಂದ ವಿಡಿಯೊವನ್ನು ಬಿಡಿಸಿ, ಮತ್ತೆ ಕಟ್ಟಿ, ಗಾಳಿಯಲ್ಲಿ ಕಳಿಸುವ ಮೂರು ಕೆಲಸ ಅದರ ತಲೆಗೆ ಬೀಳುತ್ತದೆ.

ವಿಂಡೋಸ್ 10ಕ್ಕೆ ಬರುತ್ತಿದ್ದ ಉಚಿತ ಭದ್ರತಾ ಅಪ್‌ಡೇಟ್‌ಗಳನ್ನು ಕಂಪನಿ 2025ರ ಅಕ್ಟೋಬರ್ 14ಕ್ಕೆ ಮುಗಿಸಿದೆ ಎಂಬ ಕಾರಣಕ್ಕೆ ಹಳೆಯ ಲ್ಯಾಪ್‌ಟಾಪ್‌ಗಳನ್ನು ಗುಜರಿಗೆ ಹಾಕುವವರನ್ನು ಕಂಡು ನನಗೆ ನಿಜಕ್ಕೂ ಸಂಕಟವಾಗುತ್ತದೆ. ಲಿನಕ್ಸ್ ಮಿಂಟ್ ಹಾಕಿದರೆ ಅದೇ ಯಂತ್ರ ಇನ್ನೂ ಕೆಲವು ವರ್ಷ ಟಿವಿಯ ಪಕ್ಕ ಕೂತು ದುಡಿಯುತ್ತದೆ. ಬ್ಯಾಂಕಿನ ವ್ಯವಹಾರ ಅದರಲ್ಲಿ ಮಾಡಬೇಡಿ, ಆಟ ನೋಡಿ.

ಒಂದು ಮಾತು ಮಾತ್ರ ಮರೆಯಬೇಡಿ. ನಮ್ಮಲ್ಲಿ ಮಳೆ ಹಿಡಿಯುವ ಮುಂಚೆ ಎಪ್ರಿಲ್ ಮೇಯಲ್ಲಿ, ಮತ್ತೆ ಮಳೆ ಬಿಡುವ ಅಕ್ಟೋಬರಿನಲ್ಲಿ ಸಿಡಿಲು ಜೋರು. ಟಿವಿಗೆ ಮಾಡಿನ ಮೇಲಿಂದ ಬರುವ ಡಿಶ್ಶಿನ ಅಥವಾ ಕೇಬಲಿನ ತಂತಿ, ಸೆಟ್‌ಟಾಪ್ ಬಾಕ್ಸ್, ಎಚ್‌ಡಿಎಂಐ, ಲ್ಯಾಪ್‌ಟಾಪ್, ಅದರ ಚಾರ್ಜರ್, ಇವೆಲ್ಲ ಸೇರಿ ಒಂದೇ ಸರಪಳಿ ಆಗಿರುತ್ತದೆ. ಎಚ್‌ಡಿಎಂಐ ತಂತಿಯಲ್ಲಿ ಸಂಕೇತದ ಏರಿಳಿತ ಅರ್ಧ ವೋಲ್ಟಿನಷ್ಟು, ಅದನ್ನು ಓದುವ ಚಿಪ್ಪೂ ಅಷ್ಟೇ ನಾಜೂಕಿನದ್ದು. ಹತ್ತಿರದಲ್ಲೆಲ್ಲೋ ಬಿದ್ದ ಸಿಡಿಲು ಆ ಸರಪಳಿಯ ಒಂದು ತುದಿಯಲ್ಲಿ ಹೊಕ್ಕರೆ ಇನ್ನೊಂದು ತುದಿಯವರೆಗೆ ಸುಡಬಲ್ಲದು. ಸ್ವಿಚ್ ಆಫ್ ಮಾಡಿದರೆ ಸಾಲದು, ಒಳಗಿನ ಅಂತರ ಕೆಲವೇ ಮಿಲಿಮೀಟರ್. ಬಾನು ಕಪ್ಪಾದದ್ದು ಕಂಡರೆ, ಮೊದಲ ಗುಡುಗಿಗೆ ಕಾಯದೆ, ಪ್ರಸಂಗ ಎಷ್ಟೇ ರಂಗೇರಿದ್ದರೂ ನಿಲ್ಲಿಸಿ, ಪ್ಲಗ್ಗು, ಮಾಡಿನಿಂದ ಬರುವ ತಂತಿ, ಎಚ್‌ಡಿಎಂಐ ಮೂರನ್ನೂ ಎಳೆದಿಡಿ.